ಪಾಮನಕಲ್ಲೂರಿನಲ್ಲಿ ನನಗಿಟ್ಟ ಎಡೆ

ಹತ್ತು ವರ್ಷ ತುಂಬುವುದರೊಳಗೆ ನಾನು ಎಷ್ಟು ಸಲ ಸತ್ತಿದ್ದೇನೋ, ಲೆಕ್ಕ ಇಟ್ಟವರಿಲ್ಲ. ಜ್ವರ ಬಂದು ಸತ್ತಿದ್ದೇನೆ, ಕಾಲುವೆಗೆ ಬಿದ್ದು ಸತ್ತಿದ್ದೇನೆ, ಮಲತಾಯಿ ಕೊಟ್ಟ ಹಾಲು ಕುಡಿದೂ ಸತ್ತಿದ್ದೇನೆ. ಟಿವಿ ಮುಂದೆ ಕೂತ ಮನೆಮಂದಿಯನ್ನೆಲ್ಲ ಅಳಿಸಬೇಕೆಂದರೆ ಒಂದು ಹೆಣ್ಣುಮಗುವನ್ನು ಸಾಯಿಸಿಬಿಡುವ ಕಾಲ ಅದು. ಈಗಲೂ ಅಂಥ ಬದಲಾವಣೆಯೇನೂ ಆಗಿಲ್ಲ ಬಿಡಿ. ಸಾಯಿಸುವ ಕೆಲಸ ನನ್ನ ಕೈಗೆ ಬಂದಿದೆ, ಅಷ್ಟೇ. ಈಗ ನಾನು ಧಾರಾವಾಹಿಗಳನ್ನು ನಿರ್ದೇಶಿಸುತ್ತೇನೆ, ನಿರ್ಮಾಣವೂ ನನ್ನದೇ. ಸೆಟ್ಟಿನಲ್ಲಿ ನನ್ನ ದನಿ ಕೇಳಿದರೆ ಚಹಾ ಕುಡಿಯುತ್ತಿದ್ದವರು ಅರ್ಧಕ್ಕೆ ಲೋಟ ಇಟ್ಟು ಏಳುತ್ತಾರೆ. ಅದರ ಬಗ್ಗೆ ನನಗೆ ಬೇಜಾರೇನಿಲ್ಲ.

ನಮ್ಮದು ಸಿಂಧನೂರು. ಅಪ್ಪ ನೀರಾವರಿ ಇಲಾಖೆಯಲ್ಲಿ ಗುಮಾಸ್ತರಾಗಿದ್ದರು. ನನಗೆ ಏಳೋ ಎಂಟೋ ಇದ್ದಾಗ ಟಿವಿಯವರು ದಢೇಸುಗೂರಿನ ಗದ್ದೆಗಳ ಕಡೆ ಶೂಟಿಂಗಿಗೆ ಬಂದರು. ಅವರು ಬೆಂಗಳೂರಿನಿಂದ ಕರೆತಂದಿದ್ದ ಹುಡುಗಿಗೆ ನಮ್ಮ ಕಾಲುವೆಯ ಸೊಳ್ಳೆ ಕಡಿದು ಮೈತುಂಬ ದದ್ದೆದ್ದಿತು. ಅವಳು ತಾಯಿಯ ಸೆರಗು ಬಿಡಲಿಲ್ಲ. ನಿರ್ದೇಶಕರು ನಮ್ಮ ಶಾಲೆಗೆ ಬಂದು, ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, "ಯಾರಿಗೆ ಅಳೋಕೆ ಬರುತ್ತೆ?" ಎಂದು ಕೇಳಿದರು. ಎಲ್ಲರೂ ಕೈ ಎತ್ತಿದರು, ನಾನೊಬ್ಬಳು ಎತ್ತಲಿಲ್ಲ. "ನಿನಗೆ ಬರಲ್ವೇನೇ?" ಎಂದರು. "ಬರ್ತೈತ್ರಿ. ಸುಮ್ ಸುಮ್ನ ಯಾಕ್ ಅಳ್ಬೇಕು?" ಎಂದೆ. ಮರುದಿನ ನಾನು ಅವರ ಜೀಪಿನಲ್ಲಿದ್ದೆ, ಅವ್ವ ನನ್ನ ಪಕ್ಕದಲ್ಲಿದ್ದಳು.

ನಾನು ಆಗ ಭಾರಿ ತುಂಟಿ. ಕಾರಣವಿಲ್ಲದೆ ನಗುತ್ತಿದ್ದೆ. ಮನೆಯಲ್ಲಿ ಒಂದು ವಸ್ತುವನ್ನೂ ಇದ್ದ ಜಾಗದಲ್ಲಿ ಇಡುತ್ತಿರಲಿಲ್ಲ. ಸ್ಲೇಟು ಒಲೆಯ ಮುಂದೆ, ಚಪ್ಪಲಿ ಒಂದು ಅಂಗಳದಲ್ಲಿ, ಇನ್ನೊಂದು ಬಚ್ಚಲಲ್ಲಿ. ನೀರು ಕುಡಿದರೆ ಕೊಡದ ಮೇಲಿನ ಮುಚ್ಚಳ ಸೊಟ್ಟಗೆ ಇಟ್ಟು ಓಡುತ್ತಿದ್ದೆ. "ಯಾವ ಜನ್ಮದಾಗ ಕಲಿತಿ ಬೇ ನೀ?" ಎಂದು ಅವ್ವ ದಿನಾ ಬೈಯುತ್ತಿದ್ದಳು. ಅವಳು ನನ್ನ ಹೆಸರು ಹಿಡಿದು ಕೂಗಿದರೆ ಓಣಿಯ ಆ ತುದಿಗೆ ಕೇಳಿಸುತ್ತಿತ್ತು.

ನಮ್ಮ ಶೂಟಿಂಗ್ ಜನರಲ್ಲಿ ಒಂದು ಪದ್ಧತಿ ಇದೆ. ಯಾರನ್ನಾದರೂ ಹೆಣವಾಗಿ ಮಲಗಿಸಿ ದೃಶ್ಯ ತೆಗೆದರೆ, ಮುಗಿದ ಕೂಡಲೇ ಅವರನ್ನು ಅದೇ ಜಾಗದಲ್ಲಿ ಎಬ್ಬಿಸಿ ಕೂರಿಸಬೇಕು. ಅವರು ಕ್ಯಾಮೆರಾ ನೋಡಿ ನಗಬೇಕು, ಆ ನಗುವನ್ನೂ ಶೂಟ್ ಮಾಡಬೇಕು. ಆ ನಗು ಯಾವ ಕಂತಿನಲ್ಲೂ ಬರುವುದಿಲ್ಲ, ಯಾರೂ ಅದನ್ನು ನೋಡುವುದೂ ಇಲ್ಲ. ಆದರೂ ದೊಡ್ಡ ದೊಡ್ಡ ನಟರು, ದೇವರಿಲ್ಲ ಎಂದು ಭಾಷಣ ಮಾಡುವವರು ಸಹ, ಆ ನಗೆ ಕೊಡದೆ ಮೇಕಪ್ ಅಳಿಸುವುದಿಲ್ಲ. ಮಲಗಿದ್ದವರು ಎದ್ದರು ಅನ್ನುವುದಕ್ಕೆ ಅದೊಂದೇ ಗುರುತು.

ನಾನು ಮೊದಲ ಸಲ ಸತ್ತದ್ದು ಪಾಮನಕಲ್ಲೂರಿನಲ್ಲಿ, ಒಂದು ದೊಡ್ಡ ಮಾಳಿಗೆ ಮನೆಯ ಪಡಸಾಲೆಯಲ್ಲಿ. ಅವತ್ತು ಬೆಳಿಗ್ಗೆ ನನ್ನ ತಿಥಿ, ಮಧ್ಯಾಹ್ನ ನನ್ನ ಸಾವು. ನಮ್ಮ ಕೆಲಸವೇ ಹಾಗೆ, ಬೆಳಕು ಎಲ್ಲಿ ಬೀಳುತ್ತದೋ ಆ ದೃಶ್ಯ ಮೊದಲು. ತಿಥಿಗೆಂದು ನನ್ನದೊಂದು ಫೋಟೊಗೆ ಚೌಕಟ್ಟು ಹಾಕಿಸಿ, ಕುಂಕುಮ ಹಚ್ಚಿ, ಹಾರ ಹಾಕಿ ಗೋಡೆಯ ಗೂಡಿನಲ್ಲಿ ಇಟ್ಟಿದ್ದರು. ನಾನು ಅದರ ಮುಂದೆ ನಿಂತು ನಾಲಿಗೆ ಚಾಚಿ ಅಣಕಿಸಿದ್ದು ನೆನಪಿದೆ. ಅವ್ವ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ನಮ್ಮ ಜನರನ್ನು ಒಳಗೆ ಬಾ ಅನ್ನುವ ಮನೆ ಅದಾಗಿರಲಿಲ್ಲ. ಕ್ಯಾಮೆರಾದವರು ಎತ್ತಿಕೊಂಡು ಹೋದ ಹುಡುಗಿಯ ಜಾತಿಯನ್ನು ಮಾತ್ರ ಯಾರೂ ಕೇಳಲಿಲ್ಲ.

ಹೆಣದ ಸುತ್ತ ಕೂತು ಅಳಲು ಊರಿನ ಹೆಂಗಸರನ್ನೇ ಕರೆದಿದ್ದರು. ಕಣ್ಣೀರು ಬರಿಸಲು ಗ್ಲಿಸರಿನ್ ಬಾಟಲಿ ತೋರಿಸಿದಾಗ ಅವರಲ್ಲಿ ಹಿರಿಯಳೊಬ್ಬಳು ಕೈಯಿಂದ ಸರಿಸಿಬಿಟ್ಟಳು. "ಸುಳ್ಳ ಅಳಾಕ ನಮಗ ಬರಂಗಿಲ್ರೀ. ನಮ್ ನಮ್ಮೋರ್ನ ನೆನಸ್ಕೊಂಡು ಅಳ್ತೀವಿ," ಎಂದಳು. ನಿರ್ದೇಶಕರಿಗೆ ಖುಷಿಯಾಯಿತು. ನನ್ನನ್ನು ಚಾಪೆಯ ಮೇಲೆ ಮಲಗಿಸಿ, ಮೂಗಿಗೆ ಹತ್ತಿ ಇಟ್ಟು, ಶುರು ಮಾಡಿ ಅಂದರು.

ಆ ಹೆಂಗಸರು ಶುರು ಮಾಡಿದರು, ನಿಲ್ಲಿಸಲಿಲ್ಲ. 'ಕಟ್' ಅಂದದ್ದು ನನಗೆ ಕೇಳಿಸಿತು, ಮತ್ತೊಮ್ಮೆ ಜೋರಾಗಿ ಅಂದದ್ದೂ ಕೇಳಿಸಿತು. ಅವರಿಗೆ ಆ ಮಾತು ಲೆಕ್ಕಕ್ಕೇ ಇರಲಿಲ್ಲ. ಒಬ್ಬೊಬ್ಬಳೂ ತನ್ನ ಸತ್ತ ಮಗುವಿನ ಹೆಸರು ಹಿಡಿದು, ಅದು ಏನು ತಿನ್ನುತ್ತಿತ್ತು, ಹೇಗೆ ನಡೆಯುತ್ತಿತ್ತು ಎಂದು ಹಾಡಿ ಹಾಡಿ ಅಳುತ್ತಿದ್ದಳು. ನನ್ನ ಮುಖದ ಮೇಲೆ ಬಾಗಿ ಬೇರೆ ಬೇರೆ ಹೆಸರಿನಿಂದ ಏಳು ಏಳು ಎಂದರು. ನನ್ನ ಹೆಸರು ಯಾರೂ ಕರೆಯಲಿಲ್ಲ, ಹಾಗಾಗಿ ನಾನು ಏಳಲಿಲ್ಲ. ಅಷ್ಟರಲ್ಲಿ ಯಾರೋ ನನ್ನ ಪಾದ ಹಿಡಿದರು. ತಣ್ಣನೆಯ ಸಣ್ಣ ಕೈ. ಅದು ನನ್ನ ಬಲಗಾಲಿನ ಹೆಬ್ಬೆರಳನ್ನು ಮುಚ್ಚಿ ಹಿಡಿದು ಬಿಡಲೇ ಇಲ್ಲ. ಮುಂದೆ ಆ ಕಂತು ಟಿವಿಯಲ್ಲಿ ಬಂದಾಗ ನಾನು ಪಕ್ಕದ ಮನೆಯಲ್ಲಿ ಕೂತು ಕಣ್ಣು ಕಿರಿದು ಮಾಡಿ ನೋಡಿದೆ. ಹೆಂಗಸರೆಲ್ಲ ತಲೆಯ ಕಡೆ ಕೂತಿದ್ದಾರೆ. ನನ್ನ ಕಾಲಿನ ಬಳಿ ಯಾರೂ ಇಲ್ಲ.

ಅವರು ಅತ್ತು ಮುಗಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ನಾನು ನಿಜವಾಗಿಯೇ ನಿದ್ದೆ ಹೋಗಿದ್ದೆ. ಯಾರೋ ನನ್ನನ್ನು ಎತ್ತಿ ತಂದು ಹೊಸ್ತಿಲಲ್ಲಿ ಅವ್ವನ ಹೆಗಲಿಗೆ ಹಾಕಿದರು. "ನಕ್ಕಿದ್ದು ತಕ್ಕೊಂಡ್ರೇನ್ರಿ?" ಎಂದು ಅವ್ವ ಕೇಳಿದಳಂತೆ. "ಲೈಟು ಹೋಯ್ತಮ್ಮ. ನಾಳೆ ಸಾಲಗುಂದದಲ್ಲಿ ಶೂಟಿಂಗ್ ಇದೆ, ಅಲ್ಲಿ ನಗಿಸೋಣ," ಎಂದರಂತೆ ನಿರ್ದೇಶಕರು. ಮರುದಿನ ಸಾಲಗುಂದದಲ್ಲಿ ನಾನು ನಕ್ಕೆ. ಚೆನ್ನಾಗಿಯೇ ನಕ್ಕೆ. ಅವ್ವನ ಮುಖ ಮಾತ್ರ ಬಿಚ್ಚಿಕೊಳ್ಳಲಿಲ್ಲ. "ಮಲಗಿದ್ದಲ್ಲೇ ಏಳ್ಬೇಕ್ರಿ. ಬ್ಯಾರೆ ಊರಾಗ ಎದ್ರ ಏನ್ ಬಂತು?" ಎಂದಳು.

ಊರಿಗೆ ಬಂದ ಮೇಲೆ ಒಂದು ಬೆಳಿಗ್ಗೆ ನಾನು ಕೊಡದಿಂದ ನೀರು ತೆಗೆದುಕೊಂಡು ಕುಡಿದು, ಮುಚ್ಚಳವನ್ನು ನೆಟ್ಟಗೆ ಇಟ್ಟೆ. ಲೋಟವನ್ನು ಬೋರಲು ಹಾಕಿದೆ. ತಿರುಗಿ ನೋಡಿದರೆ ಅವ್ವ ಬಾಗಿಲಲ್ಲಿ ನಿಂತಿದ್ದಳು. "ಯಾರ್ ಕಲಿಸಿದ್ರು ನಿನಗ?" ಎಂದಳು. ಯಾರೂ ಕಲಿಸಿರಲಿಲ್ಲ. ಕೈ ತಾನೇ ಹಾಗೆ ಮಾಡಿತ್ತು. ಅಂದಿನಿಂದ ನನ್ನ ಸ್ಲೇಟು ಗೂಡಿನಲ್ಲಿ, ಚಪ್ಪಲಿ ಜೋಡಿಯಾಗಿ ಗೋಡೆಯ ಬದಿಗೆ. ಬೇರೆ ತಾಯಂದಿರಾಗಿದ್ದರೆ ಹುಡುಗಿ ಸುಧಾರಿಸಿದಳು ಎಂದು ದೃಷ್ಟಿ ತೆಗೆಯುತ್ತಿದ್ದರು. ನನ್ನವ್ವ ನನ್ನನ್ನು ನೋಡತೊಡಗಿದಳು.

ಬೈಗುಳ ನಿಂತಿತು. ಹೆಸರು ಹಿಡಿದು ಕೂಗುವುದೂ ನಿಂತಿತು. ಆಮೇಲೆ ಅವಳು ನನ್ನನ್ನು ಕರೆದದ್ದೆಲ್ಲ "ಬಾರವ್ವ" ಎಂದೇ, ನೆಂಟರ ಮನೆಯ ಹುಡುಗಿಯನ್ನು ಕರೆದ ಹಾಗೆ. ಅಡುಗೆ ಮಾಡಿ ಬಡಿಸಿದಳು, ಜಡೆ ಹಾಕಿದಳು, ಜ್ವರ ಬಂದರೆ ಪಕ್ಕದಲ್ಲೇ ಕೂತಳು. ಆದರೆ ಜಡೆ ಹಾಕುವಾಗ ನಡುವೆ ಕೈ ನಿಲ್ಲಿಸಿ, ನನ್ನ ಹಿಂಗತ್ತಿನ ಕೂದಲು ಮೇಲೆತ್ತಿ ಅಲ್ಲಿರುವ ಮಚ್ಚೆ ನೋಡುತ್ತಿದ್ದಳು. ಮಚ್ಚೆ ಇರುತ್ತಿತ್ತು. ಮುಂದಿನ ವಾರ ಮತ್ತೆ ನೋಡುತ್ತಿದ್ದಳು. ಇದು ನನಗೆ ಎಷ್ಟು ನೋವು ಕೊಟ್ಟಿದೆ ಎಂದು ಅವಳಿಗೆ ನಾನು ಯಾವತ್ತೂ ಹೇಳಲಿಲ್ಲ. ಹೇಳಿದರೆ, ನನ್ನ ಮಗಳೇ ಆಗಿದ್ದರೆ ನೀನು ಯಾಕೆ ಅಂಜಬೇಕು ಎಂದು ಕೇಳಿಯಾಳು ಅನ್ನಿಸುತ್ತಿತ್ತು. ಎಷ್ಟೋ ಸಲ ಕನ್ನಡಿಯ ಮುಂದೆ ನಿಂತು ನಾನೇ ನನ್ನ ಹೆಸರು ಕರೆದು ನೋಡಿದ್ದೇನೆ. ಓಗೊಡಬೇಕೋ ಬೇಡವೋ ತಿಳಿಯದೆ ಸುಮ್ಮನೆ ನಿಂತಿದ್ದೇನೆ.

ಸಾಯುವ ಪಾತ್ರಗಳಿಗೇನೂ ಬರವಿರಲಿಲ್ಲ. ನಾನು ಕಣ್ಣು ಮುಚ್ಚಿದರೆ ರೆಪ್ಪೆ ಅದುರುತ್ತಿರಲಿಲ್ಲ, ಉಸಿರಾಡುವುದು ಕ್ಯಾಮೆರಾಕ್ಕೆ ಕಾಣುತ್ತಿರಲಿಲ್ಲ. "ಈ ಹುಡುಗಿ ಮಲಗಿದರೆ ನನಗೇ ಭಯ ಆಗುತ್ತೆ ಕಣ್ರೀ," ಎಂದು ಒಬ್ಬ ಕ್ಯಾಮೆರಾಮನ್ ಹೊಗಳಿದ್ದರು. ಅವ್ವ ಅದನ್ನು ಕೇಳಿಸಿಕೊಂಡು ಎದ್ದು ಹೊರಗೆ ಹೋದಳು. ಮುಂದೆ ಎತ್ತರ ಬೆಳೆದೆ, ದನಿ ದಪ್ಪವಾಯಿತು, ಕರೆಯುವವರು ಕಡಿಮೆಯಾದರು. ಮಕ್ಕಳ ಪಾತ್ರ ಮಾಡಿದವರ ಹಣೆಬರಹವೇ ಅದು, ಮೀಸೆ ಬಂದರೂ ಕಷ್ಟ, ಎದೆ ಬಂದರೂ ಕಷ್ಟ. ನಾನು ಮನೆಗೆ ಹೋಗಿ ಕೂರಲಿಲ್ಲ. ಕಾಲೇಜು ಮುಗಿಸಿ ಅದೇ ಸೆಟ್ಟುಗಳಿಗೆ ಸಹಾಯಕಿಯಾಗಿ ಹೋದೆ.

ನನಗೆ ಕೊಟ್ಟ ಕೆಲಸ ಕಂಟಿನ್ಯೂಟಿ ನೋಡುವುದು. ಅಂದರೆ ನಿನ್ನೆ ತೆಗೆದ ದೃಶ್ಯದಲ್ಲಿ ಲೋಟ ಯಾವ ಕೈಯಲ್ಲಿತ್ತು, ಸೆರಗು ಎಷ್ಟು ಜಾರಿತ್ತು, ಬಾಗಿಲು ಎಷ್ಟು ತೆರೆದಿತ್ತು ಎಂದು ನೆನಪಿಟ್ಟು ಇವತ್ತು ಹಾಗೆಯೇ ಇರಿಸುವುದು. ಅದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಎಲ್ಲವನ್ನೂ ಇದ್ದಲ್ಲಿ ಇಡುವ ಹುಚ್ಚು ನನಗೆ ಅನ್ನ ಹಾಕಿತು. ಹಂತ ಹಂತವಾಗಿ ಮೇಲೆ ಬಂದೆ, ನಿರ್ದೇಶಕಿಯಾದೆ, ಕೊನೆಗೆ ಯಾರ ಕೈಕೆಳಗೂ ಬೇಡವೆಂದು ಸ್ವಂತ ಸಂಸ್ಥೆ ಮಾಡಿದೆ. ನನ್ನ ಸೆಟ್ಟಿನಲ್ಲಿ ಎರಡು ಕಾಯಿದೆ ಕಟ್ಟುನಿಟ್ಟು. ಹೆಣವಾಗಿ ಮಲಗಿದ ಮಗು ನಗುವವರೆಗೆ ಕ್ಯಾಮೆರಾ ಜಾಗ ಬಿಟ್ಟು ಕದಲುವಂತಿಲ್ಲ. ಹಾರ ಹಾಕಿದ ಫೋಟೊದ ಹಾರ ತೆಗೆದು, ಸಂಜೆಯೊಳಗೆ ಅದನ್ನು ಆ ಮಗುವಿನ ತಾಯಿಯ ಕೈಗೆ ಕೊಡಬೇಕು. ನನ್ನ ಹಿಂದೆ ಹುಡುಗರು ನಗುತ್ತಾರೆ, ಮೇಡಮ್ಮಿಗೆ ದೆವ್ವದ ಭಯ ಅಂತಾರೆ. ಅನ್ನಲಿ.

ಹೋದ ವರ್ಷ ನಮ್ಮ ಸೀಮೆಯದೇ ಕಥೆಯೊಂದನ್ನು ಕೈಗೆತ್ತಿಕೊಂಡೆ. ನಮ್ಮ ಮಾತನ್ನು ಬೆಂಗಳೂರಿನ ಸೆಟ್ಟಿನಲ್ಲಿ ಕೂತವರು ಬಾಯಿಗೆ ಬಂದ ಹಾಗೆ ಆಡುವುದನ್ನು ಕೇಳಿ ಕೇಳಿ ತಲೆ ಕೆಟ್ಟಿತ್ತು. ಯೂನಿಟ್ಟಿನವರೆಲ್ಲ ಲಿಂಗಸುಗೂರಿನ ಲಾಡ್ಜಿನಲ್ಲಿ ಉಳಿದೆವು. ಶೂಟಿಂಗ್ ಮಸ್ಕಿಯ ಸುತ್ತಮುತ್ತ. ಅವ್ವ ಸಿಂಧನೂರಿನಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಳು, ಬಿಡುವು ಸಿಕ್ಕಾಗ ಹೋಗಿ ನೋಡಿ ಬರುತ್ತಿದ್ದೆ. ಆ ಮಳೆಗಾಲದಲ್ಲಿ ಅವಳು ಬಚ್ಚಲಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಳು. ಆಮೇಲೆ ಯಾರಾದರೂ ಹಿಡಿದುಕೊಂಡರೆ ಮಾತ್ರ ನಡೆಯುತ್ತಿದ್ದಳು.

ಒಂದು ಮಧ್ಯಾಹ್ನ ಅವಳಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಬಟ್ಟಲನ್ನು ಇದ್ದ ಜಾಗಕ್ಕೆ ಇಟ್ಟೆ. ಅವ್ವ ನನ್ನ ಕೈಯನ್ನೇ ನೋಡುತ್ತಿದ್ದಳು.

"ಒಂದ್ ಮಾತ್ ಕೇಳ್ತೀನಿ, ಸಿಟ್ಟಿಗೇಳಬ್ಯಾಡ," ಎಂದಳು. "ಆ ಮನ್ಯಾಗ ಹೋಗಿ ಒಮ್ಮೆ ನಕ್ಕು ಬಾ."

"ಈಗೇನ್ ಬೇ ಅದು?"

"ನಾ ಹೋಗೂ ಹೊತ್ತಿಗೆ ನೀನ ನನ್ನ ಬಾಯಾಗ ನೀರ್ ಹಾಕಾಕಿ. ನೀರ್ ಹಾಕಾಕಿ ಯಾರು ಅಂತ ನನಗ ಗೊತ್ತಾಗಬೇಕು."

ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಉಣಿಸಿದವಳು ಯಾರು, ಔಷಧಿ ತಂದವಳು ಯಾರು, ದೆವ್ವವೇ ಎಂದು ಕೂಗಾಡಬೇಕೆನಿಸಿತು. ಅವಳ ಕಣ್ಣಲ್ಲಿ ಹಟವಿರಲಿಲ್ಲ, ಬರೀ ಹೆದರಿಕೆ ಇತ್ತು. ಮಗಳನ್ನು ಒಂದು ಪರವೂರಿನ ಪಡಸಾಲೆಯಲ್ಲಿ ಬಿಟ್ಟು ಬಂದೆ, ಅವಳನ್ನು ಕರೆದುಕೊಂಡು ಬರದೆಯೇ ಸಾಯುತ್ತೇನೆ ಎಂಬ ಹೆದರಿಕೆ. ನಾನು ಆಯಿತು ಎಂದೆ.

ಮಸ್ಕಿ ದಾಟಿ ಹೋದರೆ ಕಾಲುವೆಯ ಹಸಿರು ಹಿಂದೆ ಉಳಿದು ತೊಗರಿ, ಸಜ್ಜೆಯ ಹೊಲಗಳು ಶುರುವಾಗುತ್ತವೆ. ಕ್ಯಾಮೆರಾಮನ್ ಒಬ್ಬನನ್ನೇ ಕರೆದುಕೊಂಡು, ಶೂಟಿಂಗಿಗೆ ಮನೆ ನೋಡಬೇಕೆಂದು ನೆಪ ಹೇಳಿ ಹೋದೆ. ಆ ಮನೆ ಹಾಗೆಯೇ ಇತ್ತು. ನಡುಮಧ್ಯಾಹ್ನ, ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಮನೆಯ ಯಜಮಾನಿ ಹೊರಗೆ ಬಂದಳು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳಿರಬಹುದು. ಅವಳ ಸೀರೆ ಹಿಡಿದುಕೊಂಡು ಮೊಮ್ಮಗಳು, ನಾಲ್ಕು ವರ್ಷದ ಪೋರಿ. ಈ ಸಲ ಯಾರೂ ಕಟ್ಟೆಯ ಮೇಲೆ ಕೂರಲು ಹೇಳಲಿಲ್ಲ. ಟಿವಿಯವರು ಎಂದರೆ ಈಗ ಎಲ್ಲ ಬಾಗಿಲೂ ತೆರೆಯುತ್ತವೆ.

ಒಳಗೆ ಕಾಲಿಟ್ಟು ತಲೆ ಎತ್ತಿದೆ. ಗೋಡೆಯ ಗೂಡಿನಲ್ಲಿ ಆ ಮನೆಯ ಸತ್ತವರ ಫೋಟೊಗಳು ಸಾಲಾಗಿ ಇದ್ದವು. ತಲೆಗೆ ಪಟಗ ಸುತ್ತಿದ ಮುದುಕ, ಮೂಗುತಿಯ ಮುದುಕಿ, ಮೀಸೆಯ ನಡುವಯಸ್ಸಿನವನೊಬ್ಬ. ಕೊನೆಯಲ್ಲಿ ನಾನು. ಎರಡು ಜಡೆ, ಮುಂದಿನ ಹಲ್ಲಿಲ್ಲ, ಹಣೆಯ ಮೇಲೆ ಗಾಜಿಗೆ ಅಂಟಿದ ಕುಂಕುಮ. ಅವತ್ತು ಬೆಳಿಗ್ಗೆ ಇಟ್ಟ ಕಣಗಿಲೆ ಹೂವು ಇನ್ನೂ ಬಾಡಿರಲಿಲ್ಲ.

ಮೊಮ್ಮಗಳು ನನ್ನನ್ನು ನೋಡಿದಳು, ಫೋಟೊ ನೋಡಿದಳು, ಮತ್ತೆ ನನ್ನನ್ನು ನೋಡಿದಳು. "ಅಜ್ಜೀ, ಅಕ್ಕ ದೊಡ್ಡಾಕಿ ಆಗ್ಯಾಳ," ಎಂದು ಅಜ್ಜಿಯ ಹಿಂದೆ ಅಡಗಿದಳು. ನನ್ನ ಕ್ಯಾಮೆರಾಮನ್ ಹುಡುಗು ಮಾತೆಂದು ನಕ್ಕ. ಯಜಮಾನಿ ನಗಲಿಲ್ಲ.

"ಈ ಹುಡುಗಿ ಯಾರ್ರೀ?" ಎಂದು ಕೇಳಿದೆ. ನನ್ನ ದನಿ ನನಗೇ ದೂರದಿಂದ ಕೇಳಿಸಿತು.

ಅವಳು ಹೇಳಿದಳು. ಆಗ ತಾನು ಹೊಸ ಸೊಸೆ, ಗಂಡಸರ ಮುಂದೆ ಬರುವಂತಿರಲಿಲ್ಲ. ಅಡುಗೆಮನೆಯ ಕಿಂಡಿಯಿಂದ ನೋಡಿದ್ದಳು. ಹುಡುಗಿಯನ್ನು ಮಲಗಿಸಿದರು, ಊರ ಹೆಂಗಸರೆಲ್ಲ ಅತ್ತರು, ಕತ್ತಲಾಗುವಾಗ ಎತ್ತಿಕೊಂಡು ಹೋದರು. "ಎಲ್ಲಾರೂ ನಾಟಕ ಅಂದ್ರು. ಇರಬೇಕು ಬಿಡ್ರಿ. ಆದ್ರ ಆಕಿ ಎದ್ದಿದ್ದು ನಾ ಕಾಣಲಿಲ್ಲ." ಮರುದಿನ ನೋಡಿದರೆ ಫೋಟೊ ಗೂಡಿನಲ್ಲೇ ಉಳಿದಿತ್ತು. ಕುಂಕುಮ ಹಚ್ಚಿ, ಹಾರ ಹಾಕಿ, ಊದಿನಕಡ್ಡಿ ಬೆಳಗಿದ ಫೋಟೊವನ್ನು ತಿಪ್ಪೆಗೆ ಹಾಕುವುದು ಹೇಗೆ? ಕೇಳಿಕೊಂಡು ಬಂದವರೂ ಯಾರೂ ಇಲ್ಲ. ಅತ್ತೆ ಅದನ್ನು ಮನೆಯ ಹಿರಿಯರ ಸಾಲಿಗೆ ಇಟ್ಟರು. ಮಾನಮಿ ಅಮಾವಾಸ್ಯೆ ಬಂದಾಗ, ಅಂದರೆ ತೀರಿಹೋದವರಿಗೆಲ್ಲ ಎಲೆ ಹಾಕಿ ಎಡೆ ಇಡುವ ದಿನ, ಕೂಸು ಹಸಿದು ನೋಡುತ್ತಾ ಕೂರುವುದು ಬೇಡವೆಂದು ಅದಕ್ಕೂ ಒಂದು ಸಣ್ಣ ಎಲೆ ಹಾಕಿದರು.

"ಒಮ್ಮೆ ಎಡಿ ಇಟ್ಟ ಮ್ಯಾಲ ಬಿಡಾಕ ಬರಂಗಿಲ್ರೀ," ಎಂದಳು. "ಇಟ್ಟು ರೂಢಿ ಆತು. ಆಕಿಗೂ ನಮ್ಮನಿ ರೂಢಿ ಆತು. ತ್ರಾಸ ಏನೂ ಕೊಡಂಗಿಲ್ಲ. ಮಧ್ಯಾಹ್ನ ಎಲ್ಲಾರೂ ಮಲಗಿದಾಗ ನೀರ್ ಕುಡೀತಾಳ. ಮುಚ್ಚಳ ಮಾತ್ರ ಎಷ್ಟ್ ಬೈದ್ರೂ ಸೊಟ್ಟ ಇಡ್ತಾಳ."

ನಾನು ತಿರುಗಿ ನೋಡಿದೆ. ಪಡಸಾಲೆಯ ಮೂಲೆಯಲ್ಲಿ ಕೊಡ ಇತ್ತು. ಮುಚ್ಚಳ ಒಂದು ಕಡೆಗೆ ಜಾರಿ, ಇನ್ನೇನು ಬೀಳುವ ಹಾಗೆ ನಿಂತಿತ್ತು. ಹೋಗಿ ಅದನ್ನು ನೆಟ್ಟಗೆ ಮಾಡಬೇಕೆಂದು ಕೈ ತುರಿಸಿತು. ಮುಟ್ಟಲಿಲ್ಲ.

"ಅದು ನಾನರೀ," ಎಂದೆ. "ಆ ಫೋಟೊದಾಗಿನ ಹುಡುಗಿ ನಾನ. ನಾ ಸತ್ತಿಲ್ಲ."

ಅವಳು ನನ್ನನ್ನು ನಿಧಾನವಾಗಿ ನೋಡಿದಳು. ನಂಬಲಿಲ್ಲ ಎಂದೇನಲ್ಲ. ನನ್ನ ಹುಬ್ಬು, ಗದ್ದ ಎಲ್ಲ ಅವಳಿಗೆ ಫೋಟೊ ಒರೆಸಿ ಒರೆಸಿ ಬಾಯಿಪಾಠವಾಗಿತ್ತು. "ಇರಬೌದವ್ವ," ಎಂದಳು. "ನೀ ನೀನ ಇರು. ಆದ್ರ ಆಕಿ ಇಲ್ಲೇ ಅದಾಳಲ್ಲ?"

ನಾನು ಬಂದ ಕಾರಣವನ್ನು ಅವಳಿಗೆ ಬಿಚ್ಚಿ ಹೇಳಿದೆ. ಅವ್ವನ ವಿಷಯ ಹೇಳಿದೆ. ನಗಬೇಕಾದರೆ ನಗು, ಅದಕ್ಕೆ ನಮ್ಮ ಅಪ್ಪಣೆ ಯಾಕೆ ಎಂದಳು. ಕ್ಯಾಮೆರಾಮನ್ ಏನೂ ಅರ್ಥವಾಗದೆ ಕ್ಯಾಮೆರಾ ಜೋಡಿಸಿದ. ನಾನು ಗೂಡಿನ ಕೆಳಗೆ ಚಾಪೆ ಹಾಸಿಸಿಕೊಂಡು, ಈ ವಯಸ್ಸಿನಲ್ಲಿ, ಸೊಂಟ ಹಿಡಿದುಕೊಂಡು ಮಲಗಿದೆ. ಕಣ್ಣು ಮುಚ್ಚಿದೆ. ರೆಪ್ಪೆ ಅದುರಲಿಲ್ಲ, ವಿದ್ಯೆ ಮರೆತಿರಲಿಲ್ಲ. ಎದ್ದು ನಗಬೇಕು ಅನ್ನುವಷ್ಟರಲ್ಲಿ ಬಲಗಾಲಿನ ಹೆಬ್ಬೆರಳನ್ನು ಯಾರೋ ಮುಚ್ಚಿ ಹಿಡಿದರು. ಅದೇ ತಣ್ಣನೆಯ ಸಣ್ಣ ಕೈ.

ಕಾಲು ಎಳೆದುಕೊಂಡು ಎದ್ದು ಕೂತೆ. ಕಾಲಿನ ಬಳಿ ಯಾರೂ ಇರಲಿಲ್ಲ. ಮೊಮ್ಮಗಳು ಅಂಗಳದಲ್ಲಿ ಕಲ್ಲು ಆಡುತ್ತಿದ್ದಳು. ನಗಲು ನೋಡಿದೆ. ಬಾಯಿ ತೆರೆಯಿತು, ಹಲ್ಲು ಕಂಡಿತು, ಸದ್ದೂ ಬಂತು. "ಓಕೆ ಮೇಡಂ," ಎಂದ ಕ್ಯಾಮೆರಾ ಹುಡುಗ. ತೋರಿಸು ಎಂದೆ. ಸಣ್ಣ ಪರದೆಯಲ್ಲಿ ಒಬ್ಬ ಹೆಂಗಸು ಬೆಚ್ಚಿ ಕಾಲು ಎಳೆದುಕೊಂಡು, ಆಮೇಲೆ ಹಲ್ಲು ಕಿರಿದಳು. ಬೇರೆ ನಟಿ ಹಾಗೆ ನಕ್ಕಿದ್ದರೆ ನಾನು ಮುಲಾಜಿಲ್ಲದೆ ಇನ್ನೊಮ್ಮೆ ಅನ್ನುತ್ತಿದ್ದೆ. ಇನ್ನೊಮ್ಮೆ ಮಲಗುವ ಧೈರ್ಯ ನನಗಿರಲಿಲ್ಲ. ಅದನ್ನು ಅಳಿಸಿಹಾಕು ಎಂದೆ.

ಹೊರಡುವಾಗ ಯಜಮಾನಿ ಬಾಗಿಲವರೆಗೆ ಬಂದಳು. "ಫೋಟೊ ಕೇಳಬ್ಯಾಡವ್ವ, ಕೊಡಂಗಿಲ್ಲ. ಅಮಾಸಿಗೆ ಬಾ. ನಿಮ್ಮವ್ವನ್ನೂ ಕರ್ಕೊಂಡು ಬಾ," ಎಂದಳು.

ಅವ್ವನಿಗೆ ಎಲ್ಲ ಹೇಳಿದೆ, ಏನೂ ಮುಚ್ಚಿಡಲಿಲ್ಲ. ಮುಚ್ಚಳದ ವಿಷಯ ಹೇಳುವಾಗ ಅವಳು ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು. "ನೋಡಿದೀ? ನಾ ಹೇಳಿದ್ದು ಸುಳ್ಳೇನು?" ಎಂದಳು. ಎಷ್ಟೋ ವರ್ಷ ತನಗೆ ಹುಚ್ಚು ಹಿಡಿದಿದೆ ಎಂದೇ ಅವಳು ತಿಳಿದಿದ್ದಿರಬೇಕು. ಅವತ್ತು ಮೊದಲ ಸಲ ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಮಣಿಕಟ್ಟು ಬಿಡಿಸಿಕೊಳ್ಳದೆ ಹಾಗೇ ಕೂತೆ.

ಅಮಾವಾಸ್ಯೆಯ ದಿನ ಅವ್ವನನ್ನು ಕಾರಿನ ಹಿಂದಿನ ಸೀಟಿನಲ್ಲಿ ದಿಂಬು ಕೊಟ್ಟು ಮಲಗಿಸಿಕೊಂಡು ಸಿಂಧನೂರಿನಿಂದ ಹೊರಟೆ. ಅಪ್ಪ ಬುದ್ಧನ ಹಾದಿ ಹಿಡಿದ ಮೇಲೆ ನಮ್ಮ ಮನೆಯಲ್ಲಿ ಎಡೆ ಇಡುವುದು ನಿಂತುಹೋಗಿತ್ತು. ಹಾಗಾಗಿ ಅಲ್ಲಿ ಏನು ಮಾಡುತ್ತಾರೆ ಎಂಬುದು ನನಗೆ ಸರಿಯಾಗಿ ಗೊತ್ತಿರಲಿಲ್ಲ.

"ಒಳಗ ಬರ್ರೀ ಅಕ್ಕಾರ," ಎಂದು ಯಜಮಾನಿ ಅವ್ವನನ್ನು ಕರೆದಳು. ಅವ್ವ ನನ್ನ ತೋಳು ಹಿಡಿದು ಹೊಸ್ತಿಲವರೆಗೆ ಬಂದಳು. ಅಲ್ಲಿಂದಲೇ ಗೂಡು ನೋಡಿದಳು. ಫೋಟೊದ ಮೇಲೆ ಕಣ್ಣು ಬಿದ್ದದ್ದೇ ಅವಳ ಬಾಯಿ ಅಲ್ಲಾಡಿತು, ದನಿ ಹೊರಡಲಿಲ್ಲ. "ನಾ ಇಲ್ಲೇ ಇರ್ತೀನಿ ಬಿಡ್ರಿ," ಎಂದು ಅದೇ ಹಳೆಯ ಕಟ್ಟೆಗೆ ಹೋಗಿ ಕೂತಳು. ಯಜಮಾನಿ ಮತ್ತೆ ಮತ್ತೆ ಕರೆದಳು, ಅವ್ವ ಏಳಲಿಲ್ಲ. ಆಮೇಲೆ ಯಜಮಾನಿಯೇ ಹೋಗಿ ಅವಳ ಪಕ್ಕ ಕೂತಳು. ಇಬ್ಬರೂ ಏನು ಮಾತಾಡಿಕೊಂಡರೋ ನನಗೆ ತಿಳಿಯದು.

ಅಡುಗೆಯಾಯಿತು. ಪಡಸಾಲೆಯಲ್ಲಿ ಫೋಟೊಗಳ ಮುಂದೆ ಎಲೆಗಳನ್ನು ಹಾಸಿದರು. ಹೋಳಿಗೆ, ಕಡಬು, ಪುಂಡಿಪಲ್ಯ, ಬದನೆಕಾಯಿ, ಅನ್ನ, ಕಟ್ಟಿನ ಸಾರು. ಕೊನೆಯ ಎಲೆ ಚಿಕ್ಕದು. ಅದರ ಮೇಲೆ ಹೋಳಿಗೆಯನ್ನು ಮಗುವಿನ ಬಾಯಿಗೆ ಹಿಡಿಸುವಷ್ಟು ಸಣ್ಣ ತುಂಡು ಮಾಡಿ ಇಟ್ಟಿದ್ದಳು. ಬದನೆಕಾಯಿಯ ಖಾರವನ್ನು ಒರೆಸಿ ತೆಗೆದಿದ್ದಳು. ಪ್ರತಿ ವರ್ಷ ಹೀಗೇನಾ ಎಂದು ಕೇಳಿದೆ. "ಕೂಸಿಗಿ ಖಾರ ಆಗಂಗಿಲ್ಲ," ಎಂದಳು.

ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕಬೇಕಂತೆ. ಬದುಕಿದವರು ನೋಡುತ್ತಿದ್ದರೆ ಸತ್ತವರು ಉಣ್ಣುವುದಿಲ್ಲವಂತೆ. ಸ್ವಲ್ಪ ಹೊತ್ತು ಬಿಟ್ಟು ಹೊರಗಿನಿಂದಲೇ ಒಬ್ಬೊಬ್ಬರನ್ನೂ ಉಂಡಿರಾ ಎಂದು ಕೇಳಿ, ಆಮೇಲೆ ಬಾಗಿಲು ತೆಗೆಯುವುದು. ಮನೆಯವರು ಎದ್ದರು. ನಾನೂ ಎದ್ದೆ. ಯಜಮಾನಿ ನನ್ನ ಭುಜದ ಮೇಲೆ ಕೈ ಇಟ್ಟಳು.

"ನೀ ಕುಂದ್ರವ್ವ," ಎಂದಳು.

ಬಾಗಿಲು ಮುಚ್ಚಿತು. ಮಾಳಿಗೆಯ ಬೆಳಕಿಂಡಿಯಿಂದ ಮಧ್ಯಾಹ್ನದ ಬಿಸಿಲು ಒಂದು ಕಂಬದ ಹಾಗೆ ಇಳಿದು ಬರಿ ನೆಲದ ಮೇಲೆ ಬಿದ್ದಿತ್ತು. ಉಳಿದದ್ದೆಲ್ಲ ಕತ್ತಲು. ನಾನು ಚಿಕ್ಕ ಎಲೆಯ ಮುಂದೆ ಕೂತೆ. ಪಕ್ಕದ ಎಲೆಗಳ ಮುಂದೆ ಯಾರಿದ್ದಾರೆ ಎಂದು ತಿರುಗಿ ನೋಡಲಿಲ್ಲ. ನೋಡಬಾರದು ಅನ್ನಿಸಿತು. ತುಪ್ಪದ ಘಮಕ್ಕೆ ನನಗೆ ಒಮ್ಮೆಲೇ ಹಸಿವಾಯಿತು, ಶಾಲೆ ಬಿಟ್ಟು ಓಡಿ ಬಂದಾಗಿನ ಹಸಿವು. ಒಂದು ತುಂಡು ಹೋಳಿಗೆ ಬಾಯಿಗೆ ಹಾಕಿಕೊಂಡೆ. ಇನ್ನೊಂದು ಹಾಕಿಕೊಂಡೆ. ನನ್ನ ಬಲಗಡೆ ಯಾರೋ ಬಹಳ ಹತ್ತಿರ ಉಸಿರು ಬಿಟ್ಟರು.

ಹೊರಗೆ ಯಜಮಾನಿಯ ದನಿ ಕೇಳಿಸಿತು. "ಮಾವಾರ, ಉಂಡ್ರೇನ್ರಿ?" ಎಂದು ಕೇಳಿ ಸುಮ್ಮನಾದಳು. "ಅತ್ತೆವ್ವಾ, ಉಂಡ್ರೇನ್ರಿ?" ಮತ್ತೆ ಸುಮ್ಮನಾದಳು. ಗಂಡನನ್ನು ಹೆಸರಿಲ್ಲದೆ ಕೇಳಿದಳು. ಕೊನೆಗೆ ಅವಳ ದನಿ ಇಳಿಯಿತು. "ಯವ್ವಾ ಕೂಸ, ಉಂಡೇನು?"

ಓಗೊಟ್ಟರೆ ನಾನು ಈ ಮನೆಯ ಸತ್ತ ಹುಡುಗಿ. ಸುಮ್ಮನಿದ್ದರೆ ಎಷ್ಟೋ ವರ್ಷದಿಂದ ಈ ಬಾಗಿಲ ಹೊರಗೆ ನಿಂತು ಕೇಳುತ್ತಿರುವ ಆ ಹೆಂಗಸಿಗೆ ಈ ವರ್ಷವೂ ಉತ್ತರವಿಲ್ಲ.

ಆಗ ಅವ್ವ ಕೂಗಿದಳು. ಬಾರವ್ವ ಅನ್ನಲಿಲ್ಲ. ನನ್ನ ಹೆಸರು ಹಿಡಿದು, ಓಣಿಯ ಆ ತುದಿಗೆ ಕೇಳಿಸುವ ಹಾಗೆ ಕೂಗಿದಳು. "ಏಳ್ ಬೇ! ಎಷ್ಟೊತ್ತು ಮಲಗ್ತಿ? ಮನಿಗೆ ಹೋಗೂನು, ಎದ್ದು ಬಾ!"

"ಉಂಡ್ನೆವ್ವಾ," ಎಂದೆ. "ಬರಾಕತ್ತೀನಿ."

ಎರಡೂ ಮಾತು ಒಂದೇ ಉಸಿರಿನಲ್ಲಿ ಬಂದವು. ಎದ್ದು ಬಾಗಿಲು ತೆಗೆದೆ. ಬಿಸಿಲಿಗೆ ಕಣ್ಣು ಕುಕ್ಕಿತು. ಅವ್ವ ಕಟ್ಟೆ ಬಿಟ್ಟು, ಯಾರೂ ಹಿಡಿದುಕೊಳ್ಳದೆ, ಹೊಸ್ತಿಲವರೆಗೆ ಬಂದು ನಿಂತಿದ್ದಳು. ನನ್ನ ಗದ್ದ ಹಿಡಿದೆತ್ತಿ ನೋಡಿದಳು. ತುಟಿಗೆ ಅಂಟಿದ್ದ ಹೂರಣವನ್ನು ಸೆರಗಿನಿಂದ ಒರೆಸಿದಳು. "ಬಾಯಿ ಒರೆಸ್ಕೊಳ್ಳಾಕ ಬರಂಗಿಲ್ಲೇನ್ ಬೇ ನಿನಗ?" ಎಂದು ಬೈದಳು. ಬೈಯುತ್ತಾ ಅತ್ತಳು, ನಾನೂ ಅತ್ತೆ.

ಯಜಮಾನಿ ನಮ್ಮಿಬ್ಬರನ್ನೂ ಬಳಸಿ ಮುಂದೆ ಬಂದು ಪಡಸಾಲೆಯೊಳಗೆ ಬಗ್ಗಿ ನೋಡಿದಳು. ಚಿಕ್ಕ ಎಲೆಯ ಮೇಲೆ ಅರ್ಧ ಅಡುಗೆ ಹಾಗೇ ಇತ್ತು. ಅವಳು ಸದ್ದಾಗದಂತೆ ಬಾಗಿಲನ್ನು ಮತ್ತೆ ಮುಂದಕ್ಕೆಳೆದು ಮುಚ್ಚಿದಳು.

"ಆಕೀದು ಇನ್ನಾ ಉಣ್ಣೂದು ಮುಗಿದಿಲ್ಲ," ಎಂದಳು.